ಮಾಡದ ತಪಾಸಣೆಗೆ ಸಹಿ ಕೇಳಿದರೆ: ಕೆಲಸವೂ ಉಳಿದು ಮಾತೂ ಉಳಿಯೋದು ಹೇಗೆ?

ಅರ್ಧವಿರಾಮ ಕೇಳಿದ್ದು:

ಸಂದರ್ಭ ಇಷ್ಟು. ಸಂಸ್ಥೆಗೆ ಕೆಟ್ಟ ಕಾಲ, ಜನರನ್ನು ಕಡಿಮೆ ಮಾಡ್ತಿದ್ದಾರೆ. ಪಟ್ಟಿಯಲ್ಲಿ 12 ತಪಾಸಣೆ ಇವೆ, 9 ಆಗಿವೆ, 3 ಆಗಿಲ್ಲ. ಮೇಲಿನವರು ಬಂದು "ಹನ್ನೆರಡಕ್ಕೂ ಸಹಿ ಹಾಕಿಬಿಡಿ, ಉಳಿದದ್ದು ಆಮೇಲೆ ನೋಡ್ಕೊಳ್ಳೋಣ" ಅಂತಾರೆ. ಜೊತೆಗೆ ಮಾಮೂಲಿ ಮೂರು ಮಾತು: ಎಲ್ಲರೂ ಹಾಕಿದ್ದಾರೆ, ನೀವು ಹಾಕದಿದ್ರೆ ಬೇರೆಯವರು ಹಾಕ್ತಾರೆ, ಉಂಡ ಮನೆ ಜಂತೆ ಎಣಿಸಬಾರದು. ಸಹಿ ಹಾಕಬೇಕಾದವರ ಮನೆಯಲ್ಲಿ ದುಡಿಯೋರು ಒಬ್ಬರೇ, ಮೇಲೆ ಸಾಲ.

ನನ್ನ ಪ್ರಶ್ನೆಗಳು ಮೂರು. ಆ ಕ್ಷಣದಲ್ಲಿ ಬಾಯಲ್ಲಿ ಯಾವ ಮಾತು ಬರಬೇಕು? ಏನನ್ನು ಹೇಗೆ ಬರೆದಿಟ್ಟುಕೊಳ್ಳಬೇಕು? ಬೇರೆಯವರು ಹೇಗೂ ಹಾಕ್ತಾರೆ ಅಂದ್ಮೇಲೆ ಒಬ್ಬರು ಹಾಕದೆ ಇದ್ದು ಪ್ರಯೋಜನ ಏನು?

"ಧೈರ್ಯವಾಗಿರಿ, ಸತ್ಯಕ್ಕೇ ಜಯ" ಅನ್ನೋ ಉತ್ತರ ದಯವಿಟ್ಟು ಬೇಡ. ಧೈರ್ಯ ಇಲ್ಲದವರು ಏನು ಮಾಡಬಹುದು ಅನ್ನೋದು ಬೇಕು.

---

ಗೆರೆಮಣೆ:

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸ್ತೀನಿ, ಉಳಿದದ್ದನ್ನು ಬಲ್ಲವರು ಇಲ್ಲಿದ್ದಾರೆ.

ಆ ಕ್ಷಣದಲ್ಲಿ ತೀರ್ಮಾನ ಮಾಡಲೇಬಾರದು. ಎದುರಿಗೆ ಒಬ್ಬರು ಪೆನ್ನು ಹಿಡಿದು ಕಾಯ್ತಿರುವಾಗ ಮನಸ್ಸು ಸರಿ ತಪ್ಪು ತೂಗೋದಿಲ್ಲ. ಈ ಮುಜುಗರ ಬೇಗ ಮುಗಿದರೆ ಸಾಕು ಅಂತ ನೋಡುತ್ತೆ, ಮುಗಿಸೋ ಸುಲಭದ ದಾರಿ ಸಹಿ. ಆದ್ದರಿಂದ ಅಲ್ಲಿ ಬೇಕಿರೋದು ಒಂದು ರಾತ್ರಿಯ ಸಮಯ. ಅದನ್ನು ಗಳಿಸಿಕೊಡೋ ವಾಕ್ಯ ಮೊದಲೇ ಬಾಯಿಪಾಠ ಆಗಿರಬೇಕು:

"ಪೂರ್ತಿ ಓದಿ ನೋಡ್ಬೇಕು ಸರ್, ನಾಳೆ ಹತ್ತು ಗಂಟೆಗೆ ನಾನೇ ತಂದುಕೊಡ್ತೀನಿ."

ಗಂಟೆ ಹೇಳಲೇಬೇಕು. ಹೇಳದಿದ್ದರೆ ಅರ್ಧ ಗಂಟೆಗೊಮ್ಮೆ ಬಂದು ನಿಲ್ತಾರೆ. ಇನ್ನೊಂದು ಎಚ್ಚರಿಕೆ: ನಮ್ಮ ಮಾತಿನಲ್ಲಿ "ನೋಡೋಣ", "ಆಯ್ತು ಬಿಡಿ", "ಹೂಂ" ಅನ್ನೋವು ಹೇಳಿದವರಿಗೆ ತಪ್ಪಿಸಿಕೊಳ್ಳೋ ಮಾತು, ಕೇಳಿದವರಿಗೆ ಒಪ್ಪಿಗೆ. ಮರುದಿನ "ನಿನ್ನೆ ಒಪ್ಕೊಂಡಿದ್ರಲ್ಲ" ಅನ್ನೋದು ಶುರುವಾಗೋದೇ ಇಲ್ಲಿಂದ. ಹೂಂಗುಟ್ಟೋ ಅಭ್ಯಾಸ ಇರೋರು ಆ ಹೊತ್ತಿಗೆ ತುಟಿ ಮುಚ್ಚಿಕೊಂಡು ಒಂದು ಉದ್ದ ಉಸಿರು ಬಿಡಲಿ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ದನಿ ನಡುಗೋದು ಕಡಿಮೆಯಾಗುತ್ತೆ, ಅಷ್ಟೇ ಲಾಭ.

"ಇಲ್ಲ, ಈಗಲೇ ಬೇಕು" ಅಂದರೆ ಎರಡನೇ ವಾಕ್ಯ:

"ಆಗಿರೋ ಒಂಬತ್ತಕ್ಕೆ ಈಗಲೇ ಹಾಕ್ತೀನಿ. ಉಳಿದ ಮೂರನ್ನು ಯಾವತ್ತು ಮಾಡಿಸೋಣ, ಹೇಳಿ."

ಇದರಲ್ಲಿ "ಆಗಲ್ಲ" ಅನ್ನೋ ಪದವೇ ಇಲ್ಲ, ಗಮನಿಸಿ. ಕೆಲಸ ಮುಗಿಸೋ ಕಡೆಗೇ ಮಾತು ಹೋಗ್ತಿದೆ. ಒಂಬತ್ತಕ್ಕೆ ಸಹಿ ಹಾಕುವಾಗ ಉಳಿದ ಮೂರು ಸಾಲು ಖಾಲಿ ಬಿಡಬಾರದು. ಖಾಲಿ ಸಾಲಿನ ಕೆಳಗೆ ನಿಮ್ಮ ಸಹಿ ಇದ್ದರೆ ಸಂಜೆಗೆ ಯಾರಾದರೂ ಅದನ್ನು ತುಂಬಬಹುದು, ತುಂಬಿದ್ದು ನಿಮ್ಮದೇ ಆಗುತ್ತೆ. ಪ್ರತಿ ಖಾಲಿ ಸಾಲಿನಲ್ಲೂ "ಮಾಡಿಲ್ಲ" ಅಂತ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು. ಕೊನೆಯಲ್ಲಿ "12ರಲ್ಲಿ 9" ಅಂತ ಒಂದು ಸಾಲು. ಉಳಿದ ಮೂರನ್ನು ನಾಲ್ಕು ದಿನ ಬಿಟ್ಟು ಮಾಡಿದರೆ ಮಾಡಿದ ದಿನದ ತಾರೀಖನ್ನೇ ಹಾಕಿ, "ತಡವಾಗಿ ಮಾಡಿದ್ದು, ನಿಗದಿಯಾಗಿದ್ದ ದಿನ ಇಂಥದ್ದು" ಅಂತ ಬರೀಬೇಕು. ತಡವಾದದ್ದು ಶಿಸ್ತಿನ ತಪ್ಪು, ಅದನ್ನು ವಿವರಿಸಬಹುದು. ಹಿಂದಿನ ತಾರೀಖು ಹಾಕಿದ್ದು ಸುಳ್ಳು, ಅದಕ್ಕೆ ವಿವರಣೆ ಇಲ್ಲ.

ಮೂರನೇ ಸಲ ಒತ್ತಾಯ ಬಂದಾಗ ಹೆಚ್ಚಿನವರು ಸೋಲೋದು ಹೊಸ ಹೊಸ ಕಾರಣ ಹುಡುಕಿ. "ಇವತ್ತು ಟೈಮಿಲ್ಲ" ಅಂದರೆ ನಾಳೆ ಬರ್ತಾರೆ. "ಫಾರ್ಮ್ ಹಳೇದು" ಅಂದರೆ ಹೊಸದು ತರ್ತಾರೆ. ಕಾರಣ ಒಂದೇ ಇರಬೇಕು, ಪ್ರತಿಸಲವೂ ಅದೇ ಪದಗಳಲ್ಲಿ: "ನೋಡದೇ ಇರೋದನ್ನ ನೋಡಿದೆ ಅಂತ ಬರೆಯೋಕೆ ನನ್ನಿಂದ ಆಗಲ್ಲ ಸರ್." ಮಾತೆಲ್ಲ ಕಾಗದದ ಬಗ್ಗೆಯೇ ಇರಲಿ. ಎದುರಿನವರ ನಿಯತ್ತಿನ ಬಗ್ಗೆ ಒಂದು ಪದ ಬಂದರೂ ಜಗಳ ಅದರ ಮೇಲೆ ತಿರುಗಿ, ಆ ಮೂರು ತಪಾಸಣೆ ಎಲ್ಲರಿಗೂ ಮರೆತುಹೋಗುತ್ತೆ.

ಈ ತಂತ್ರ ಹೇಡಿತನ ಅನ್ನೋರಿಗೆ ಒಂದು ಉದಾಹರಣೆ. 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಥಾಲಿಡೊಮೈಡ್ ಅನ್ನೋ ನಿದ್ದೆ ಮಾತ್ರೆಯ ಮಾರಾಟಕ್ಕೆ ಅರ್ಜಿ ಬಂತು. ಪರಿಶೀಲನೆ ಫ್ರಾನ್ಸಿಸ್ ಕೆಲ್ಸಿ ಅವರ ಪಾಲಿಗೆ. ಆಗಿನ ಕಾನೂನಿನಂತೆ 60 ದಿನದೊಳಗೆ ಸಂಸ್ಥೆ ತಡೆಯದಿದ್ದರೆ ಔಷಧ ತಾನಾಗಿಯೇ ಮಾರುಕಟ್ಟೆಗೆ ಹೋಗಬಹುದಿತ್ತು. ಕೆಲ್ಸಿ ಔಷಧ ಅಪಾಯಕಾರಿ ಅಂತ ಘೋಷಿಸಲಿಲ್ಲ, ಘೋಷಿಸೋಕೆ ಆಗ ಪುರಾವೆಯೂ ಇರಲಿಲ್ಲ. "ಅರ್ಜಿ ಅಪೂರ್ಣ, ಸುರಕ್ಷತೆಯ ಮಾಹಿತಿ ಸಾಲದು" ಅಂತ ಬರೆದರು. ಕಂಪನಿ ಮತ್ತೆ ಸಲ್ಲಿಸಿತು, ಮತ್ತೆ ಅದೇ ಉತ್ತರ, ಮತ್ತೆ 60 ದಿನ. ಕಂಪನಿಯವರು ಅವರ ಮೇಲಧಿಕಾರಿಗಳ ಹತ್ತಿರ ದೂರು ಒಯ್ದರೂ ಕೆಲ್ಸಿ ಕದಲಲಿಲ್ಲ. 1961ರ ನವೆಂಬರ್ ಕೊನೆಗೆ ಗರ್ಭಿಣಿಯರು ನುಂಗಿದ ಆ ಮಾತ್ರೆಯಿಂದ ಶಿಶುಗಳು ಅಂಗವೈಕಲ್ಯದಿಂದ ಹುಟ್ಟುತ್ತಿರುವ ಸುದ್ದಿ ಯುರೋಪಿನಿಂದ ಬಂತು. ಇಡೀ ಹೋರಾಟ ನಡೆದದ್ದು "ಮಾಹಿತಿ ಸಾಲದು" ಅನ್ನೋ ಎರಡು ಪದದ ಮೇಲೆ.

---

ಹಳೇಕಡತ:

ದಾಖಲೆ ಇಡುವ ವಿಚಾರ.

ಹೊಲಿದ ಬೈಂಡಿನ ನೋಟ್‌ಬುಕ್ ತೆಗೆದುಕೊಳ್ಳಿ. ಸ್ಪೈರಲ್ ಬೇಡ, ಅದರಿಂದ ಹಾಳೆ ಕಿತ್ತರೂ ಗೊತ್ತಾಗುವುದಿಲ್ಲ. ಬರೆಯುವ ಮೊದಲೇ ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ. ಘಟನೆ ನಡೆದ ದಿನವೇ, ಮಲಗುವ ಮುಂಚೆ ಬರೆಯಿರಿ. ತಾರೀಖು, ಗಂಟೆ, ಜಾಗ, ಯಾರಿದ್ದರು, ಯಾರು ಏನಂದರು, ನೀವು ಏನಂದಿರಿ. ನೆನಪಿರುವ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ಒರಟಾಗಿದ್ದರೂ ತಿದ್ದಬೇಡಿ. ತಪ್ಪಾದರೆ ಒಂದೇ ಗೆರೆ ಹೊಡೆದು, ಕೆಳಗಿನ ಅಕ್ಷರ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ. ವೈಟ್ನರ್ ಬಳಿದ ಪುಟವನ್ನು ಯಾರೂ ನಂಬುವುದಿಲ್ಲ. ಎರಡು ನಮೂದುಗಳ ನಡುವೆ ಜಾಗ ಉಳಿದರೆ ಅಡ್ಡಗೆರೆ ಎಳೆಯಿರಿ.

ಕಂಡದ್ದು ಬೇರೆ, ಅನಿಸಿದ್ದು ಬೇರೆ. "ಅವರಿಗೆ ಎಲ್ಲ ಗೊತ್ತಿತ್ತು" ಎಂಬುದು ಅನಿಸಿಕೆ. "ಮೂರು ಆಗಿಲ್ಲ ಎಂದು 11 ಗಂಟೆಗೆ ಹೇಳಿದೆ, ಗೊತ್ತು ಅಂದರು" ಎಂಬುದು ಸಂಗತಿ. ಅನಿಸಿಕೆ ಬರೆಯಲೇಬೇಕೆಂದಿದ್ದರೆ ಬೇರೆ ಸಾಲಿನಲ್ಲಿ "ನನ್ನ ಊಹೆ" ಎಂದು ಗುರುತು ಹಾಕಿ ಬರೆಯಿರಿ. ಒಂದು ಊಹೆ ಸುಳ್ಳಾದರೆ ಅದರ ಜೊತೆಗಿರುವ ಹತ್ತು ಸಂಗತಿಗಳೂ ಮುಳುಗುತ್ತವೆ.

ನೋಟ್‌ಬುಕ್ ನಿಮ್ಮ ನೆನಪಿಗೆ. ಸಂಸ್ಥೆಯ ಒಳಗೂ ಒಂದು ಗುರುತು ಉಳಿಯಬೇಕು, ಅದಕ್ಕೆ ಅಂದೇ ಸಂಜೆ ಒಂದು ಸಣ್ಣ ಮೇಲ್:

"ಇವತ್ತು ಬೆಳಿಗ್ಗೆ ಮಾತಾಡಿದ ಹಾಗೆ, 12ರಲ್ಲಿ 9 ತಪಾಸಣೆಗೆ ಸಹಿ ಮಾಡಿದ್ದೇನೆ. 4, 7 ಮತ್ತು 11 ಬಾಕಿ ಇವೆ. ಇವನ್ನು ಮಾಡಲು ಅರ್ಧ ದಿನ ಬೇಕು. ಯಾವ ದಿನ ಎಂದು ತಿಳಿಸಿದರೆ ಮುಗಿಸುತ್ತೇನೆ. ನನ್ನ ತಿಳಿವಳಿಕೆ ತಪ್ಪಿದ್ದರೆ ತಿದ್ದಿ."

ಆರೋಪ ಇಲ್ಲ, ಹತ್ತು ಜನಕ್ಕೆ ಕಾಪಿ ಇಲ್ಲ. ಕಾಪಿ ಪಟ್ಟಿ ಉದ್ದ ಆದಷ್ಟೂ ಓದುವವರು ತಪಾಸಣೆ ಬಿಟ್ಟು ನಿಮ್ಮನ್ನು ನೋಡುತ್ತಾರೆ. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಯಾರೂ ತಿದ್ದದಿದ್ದರೆ ಆ ಮೌನವೂ ದಾಖಲೆಯೇ.

ಬಹಳ ಮಂದಿ ಎಡವುವ ಜಾಗ ಒಂದಿದೆ. ಹೆದರಿಕೆಯಲ್ಲಿ ಸಂಸ್ಥೆಯ ಫೈಲುಗಳನ್ನೆಲ್ಲ ಸ್ವಂತ ಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿಕೊಂಡುಬಿಡುತ್ತಾರೆ. ಆಮೇಲೆ ಪ್ರಕರಣ ಸುಳ್ಳು ದಾಖಲೆಯದ್ದಾಗಿ ಉಳಿಯುವುದಿಲ್ಲ, ನೀವು ಮಾಹಿತಿ ಕದ್ದದ್ದಾಗುತ್ತದೆ. ಫೈಲು ಎಲ್ಲಿದೆ, ಅದರ ಸಂಖ್ಯೆ, ತಾರೀಖು, ಎಷ್ಟು ಪುಟ ಎಂದು ಬರೆದಿಟ್ಟುಕೊಂಡರೆ ಸಾಕು. ವಿಚಾರಣೆ ನಡೆಸುವವರು ತರಿಸಿಕೊಳ್ಳುತ್ತಾರೆ. ಗುಟ್ಟಾಗಿ ಮಾತು ರೆಕಾರ್ಡ್ ಮಾಡುವುದು ಕೆಲವು ಕಡೆ ಅಪರಾಧ, ಕೆಲವು ಕಡೆ ಅಲ್ಲ. ವಕೀಲರನ್ನು ಕೇಳದೆ ಬೇಡ.

ಬರೆದಿಟ್ಟದ್ದು ಎಂದು ಉಪಯೋಗಕ್ಕೆ ಬರುತ್ತದೆಂದು ಬರೆಯುವಾಗ ತಿಳಿಯದು. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ (ಮೇಲೇರಿಸುವ ರಾಕೆಟ್) ತಯಾರಿಸಿದ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಜಾಲಿ, ಕೀಲುಗಳ ರಬ್ಬರ್ ಉಂಗುರದ ದೋಷದಿಂದ ಜೀವಹಾನಿ ಆಗಬಹುದೆಂದು ಮೇಲಿನವರಿಗೆ ಟಿಪ್ಪಣಿ ಬರೆದದ್ದು 1985ರ ಜುಲೈ 31ರಂದು. ನೌಕೆ ಸಿಡಿದದ್ದು 1986ರ ಜನವರಿ 28ರಂದು. ಆರು ತಿಂಗಳು ಮೊದಲೇ ತಾರೀಖು ಹಾಕಿ ಬರೆದ ಆ ಹಾಳೆ ಇದ್ದುದರಿಂದ, "ನಮಗೆ ಮೊದಲೇ ಗೊತ್ತಿರಲಿಲ್ಲ" ಎಂದು ವಿಚಾರಣಾ ಆಯೋಗದ ಮುಂದೆ ಹೇಳಿ ಪಾರಾಗುವ ದಾರಿ ಮುಚ್ಚಿಹೋಯಿತು.

---

ಚಿಲ್ಲರೆಲೆಕ್ಕ:

ಮೇಲಿನ ಎರಡೂ ಸರಿ. ಆದರೆ ಸಾಲದ ಕಂತು ಕಟ್ಟೋಕೆ ಈ ತಿಂಗಳ ಸಂಬಳವೇ ಬೇಕು ಅನ್ನೋರ ಬಾಯಲ್ಲಿ ಆ ವಾಕ್ಯಗಳು ಬರಲ್ಲ. ಧೈರ್ಯದ ಅರ್ಧ ಭಾಗ ಪಾಸ್‌ಬುಕ್ಕಿನಲ್ಲಿರುತ್ತೆ, ಒಪ್ಪಿಕೊಳ್ಳೋಕೆ ಕಷ್ಟ ಅಷ್ಟೇ.

ಲೆಕ್ಕ ಹೀಗೆ ಹಾಕಿ. ತಿಂಗಳ ಆದಾಯ 100 ಅಂತಿಟ್ಟುಕೊಳ್ಳಿ. ಬಾಡಿಗೆ, ಊಟ, ಔಷಧಿ, ಶಾಲೆ, ಸಾಲದ ಕಂತು ಎಲ್ಲ ಸೇರಿ ತಪ್ಪಿಸಲಾಗದ ಖರ್ಚು 70. ಮೂರು ತಿಂಗಳು ಸಂಬಳವಿಲ್ಲದೆ ಇರಲು ಬೇಕಾದದ್ದು 210. ತಿಂಗಳಿಗೆ 15 ಎತ್ತಿಟ್ಟರೆ 14 ತಿಂಗಳು ಹಿಡಿಯುತ್ತೆ. ಬಿಡಬಹುದಾದ ಖರ್ಚನ್ನೆಲ್ಲ ನಿಲ್ಲಿಸಿ 30 ಎತ್ತಿಟ್ಟರೆ ಏಳೇ ತಿಂಗಳು. ಹಾಗಂತ ಏಳು ತಿಂಗಳು ಸುಳ್ಳು ಸಹಿ ಹಾಕ್ತಾ ಕೂರಿ ಅಂತಲ್ಲ. ಅಷ್ಟು ಕಾಲ ಗೆರೆಮಣೆ ಹೇಳಿದ "ಒಂಬತ್ತಕ್ಕೆ ಹಾಕ್ತೀನಿ" ದಾರಿ ಹಿಡಿಯಿರಿ, ಅಥವಾ ಸಹಿ ಹಾಕೋ ಜವಾಬ್ದಾರಿ ಇಲ್ಲದ ಜಾಗಕ್ಕೆ ಬದಲಾವಣೆ ಕೇಳಿ. ಬದಲಾವಣೆ ಕೇಳುವಾಗ ಕಾರಣ ಹೇಳಬೇಕಿಲ್ಲ. ಒಂದೇ ತಿಂಗಳ ಖರ್ಚು ಕೈಯಲ್ಲಿದ್ದರೂ ಮಾತಾಡೋ ದನಿ ಬೇರೆ ಇರುತ್ತೆ.

ಉಳಿತಾಯಕ್ಕಿಂತ ಮುಖ್ಯ, ಹಗ್ಗದ ತುದಿ ಯಾರ ಕೈಲಿದೆ ಅಂತ ನೋಡೋದು. ಸಂಬಳದ ಮುಂಗಡ, ಸಂಸ್ಥೆಯ ಸಾಲ, ಸಂಸ್ಥೆಯ ಮನೆ, ಮೇಲಿನವರು ಜಾಮೀನು ನಿಂತದ್ದು, ಅವರ ಮಾತಿನ ಮೇಲೆ ನೆಂಟರಿಗೆ ಸಿಕ್ಕ ಕೆಲಸ: ಇವೆಲ್ಲ ಆ ದಿನ ಪೆನ್ನಿನ ಜೊತೆಗೇ ಮೇಜಿನ ಮೇಲೆ ಬರುತ್ತವೆ. ಮೊದಲು ಇವನ್ನು ತೀರಿಸಿ, ಬಡ್ಡಿ ಸ್ವಲ್ಪ ಹೆಚ್ಚಾದರೂ ಹೊರಗಿನ ಸಾಲವೇ ವಾಸಿ. ಇನ್ನು ಮನೆಯವರಿಗೆ ಆ 70 ಮತ್ತು 210 ಅನ್ನೋ ಎರಡು ಅಂಕಿ ಇವತ್ತೇ ಹೇಳಿ. ಬಿಕ್ಕಟ್ಟು ಬಂದ ರಾತ್ರಿ ಮೊದಲ ಸಲ ಹೇಳಿದರೆ ಅವರ ಭಯ ನಿಮ್ಮ ಭಯಕ್ಕೆ ಸೇರಿ ದುಪ್ಪಟ್ಟಾಗುತ್ತೆ.

ಉಂಡ ಮನೆ ಜಂತೆ ಎಣಿಸಬಾರದು ಅನ್ನೋದು ನಿಜ. ಜಂತೆಗೆ ಗೆದ್ದಲು ಹಿಡಿದಿದ್ದರೆ ಹೇಳದೆ ಉಂಡು ಹೋಗೋದು ಯಾವ ಸೀಮೆ ನಿಯತ್ತು?

---

ನಾಲ್ಕನೇಗೆರೆ:

ಮೂರನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದಾರೆ. ಅದೇ ಕಠಿಣವಾದದ್ದು.

ಮೊದಲು ಕೆಟ್ಟ ಸುದ್ದಿ. ನೀವು ಸಹಿ ಹಾಕದಿದ್ದರೂ ಕೆಲಸ ನಡೆದುಬಿಡಬಹುದು. ಹಳೇಕಡತ ಹೇಳಿದ ಚಾಲೆಂಜರ್ ಪ್ರಕರಣದಲ್ಲೇ ಇದು ಆಯಿತು. ಉಡಾವಣೆಯ ಹಿಂದಿನ ರಾತ್ರಿ ಫೋನ್ ಸಭೆಯಲ್ಲಿ ಎಂಜಿನಿಯರುಗಳು ಚಳಿ ಹೆಚ್ಚಿದೆ, ಬೇಡ ಎಂದರು. ಕಂಪನಿಯ ಮ್ಯಾನೇಜರುಗಳು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು ಆ ಸಲಹೆಯನ್ನು ತಿರುಗಿಸಿದರು. ಉಡಾವಣಾ ಕೇಂದ್ರದಲ್ಲಿ ಕಂಪನಿಯ ಪರವಾಗಿ ಇದ್ದ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಅವರ ಮೇಲಧಿಕಾರಿ ಸಹಿ ಹಾಕಿ ಫ್ಯಾಕ್ಸ್ ಮಾಡಿದರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಸಿಡಿಯಿತು, ಅದರಲ್ಲಿದ್ದ ಏಳು ಜನರೂ ಸತ್ತರು. ಆಯೋಗದ ಮುಂದೆ ನಡೆದದ್ದನ್ನು ಹೇಳಿದ್ದಕ್ಕೆ ಮೆಕ್‌ಡೊನಾಲ್ಡ್ ಅವರನ್ನು ಹುದ್ದೆಯಿಂದ ಬದಿಗೆ ಸರಿಸಲಾಯಿತು. ಅಮೆರಿಕದ ಸಂಸತ್ತಿನ ಸದಸ್ಯರು ಮಧ್ಯೆ ಬಂದ ಮೇಲೆ ವಾಪಸ್ ಕರೆದು, ಬೂಸ್ಟರಿನ ಮರುವಿನ್ಯಾಸವನ್ನು ಅವರ ಕೈಗೇ ಕೊಟ್ಟರು. ಪ್ರತಿಯೊಬ್ಬರಿಗೂ ಹೀಗೆ ಸಂಸತ್ತು ಬರುವುದಿಲ್ಲ, ಆದ್ದರಿಂದ ಇದನ್ನು ಸುಖಾಂತ್ಯ ಎಂದು ಮಾರಬೇಡಿ. ಅವರ ನಿರಾಕರಣೆ ಉಡಾವಣೆಯನ್ನು ತಡೆಯಲಿಲ್ಲ. ಆದರೆ ಒತ್ತಡ ಹೇಗೆ ಬಂತೆಂದು ಆಮೇಲೆ ಬಾಯಿ ಬಿಟ್ಟು ಹೇಳುವ ಸ್ಥಿತಿಯಲ್ಲಿ ಅವರು ಉಳಿದರು. ಸಹಿ ಹಾಕಿದವರಿಗೆ ಆ ಬಾಯಿ ಇರುವುದಿಲ್ಲ.

ಈಗ ಉಪಯೋಗದ ಮಾತು. ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಉತ್ತರವನ್ನು ಬಿಟ್ಟು, ಕೋಣೆಯಲ್ಲಿದ್ದ, ಮೊದಲೇ ಹೇಳಿಕೊಟ್ಟಿದ್ದ ಗುಂಪು ಒಮ್ಮತದಿಂದ ತಪ್ಪು ಉತ್ತರ ಹೇಳುತ್ತಿತ್ತು. ಆಗ ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪನ್ನೇ ಅನುಸರಿಸಿದವು. ಗುಂಪಿನಲ್ಲಿ ಒಬ್ಬರು ಸರಿ ಉತ್ತರ ಹೇಳಿದರೆ ಆ ತಪ್ಪುಗಳು ಮೊದಲಿದ್ದುದರ ಸುಮಾರು ಕಾಲುಭಾಗಕ್ಕೆ ಇಳಿದವು. ಆ ಒಬ್ಬರು ಬೇರೆಯದೇ ತಪ್ಪು ಉತ್ತರ ಹೇಳಿದರೂ ಒತ್ತಡ ಕಡಿಮೆಯಾಗುತ್ತಿತ್ತು. ಅಂದರೆ ಜೊತೆಗಾರ ಬುದ್ಧಿವಂತನಾಗಿರಬೇಕೆಂದೂ ಇಲ್ಲ, ಒಮ್ಮತ ಮುರಿದರೆ ಸಾಕು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಮಿಲ್ಗ್ರಾಂ, ಜನ ಆಜ್ಞೆಗೆ ಎಷ್ಟರವರೆಗೆ ಮಣಿಯುತ್ತಾರೆಂದು ನೋಡಲು, ಮತ್ತೊಬ್ಬರಿಗೆ ಹೆಚ್ಚುಹೆಚ್ಚು ವಿದ್ಯುತ್ ಶಾಕ್ ಕೊಡುತ್ತ ಹೋಗಿ ಎಂದು ಹೇಳಿಸಿದ ಪ್ರಯೋಗವೂ ಅದನ್ನೇ ಹೇಳುತ್ತದೆ: ಒಬ್ಬರೇ ಇದ್ದಾಗ 40ರಲ್ಲಿ 26 ಜನ ಕೊನೆಯ 450 ವೋಲ್ಟ್ ಸ್ವಿಚ್ಚನ್ನೂ ಒತ್ತಿದರು, ಪಕ್ಕದಲ್ಲಿದ್ದ ಇಬ್ಬರು ಎದ್ದುಹೋದಾಗ 40ರಲ್ಲಿ 4 ಜನ ಮಾತ್ರ. (ಶಾಕ್ ನಿಜವಾದದ್ದಲ್ಲ, ಅವರಿಗೆ ಅದು ಗೊತ್ತಿರಲಿಲ್ಲ.)

ಹಾಗಾಗಿ "ಎಲ್ಲರೂ ಹಾಕಿದ್ದಾರೆ" ಎಂದಾಗ "ಯಾರ್ಯಾರು?" ಎಂದು ಮನಸ್ಸಿನಲ್ಲೇ ಕೇಳಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ವಿಚಾರಿಸಿ. ಗುಂಪಿನಲ್ಲಿ ಕೇಳಬೇಡಿ, ಅಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೇಳುವ ಮಾತು "ನೀವೂ ಹಾಕಬೇಡಿ" ಎಂದಿರಬಾರದು. "4, 7, 11 ಆಗಿವೆಯಾ, ನಿಮಗೆ ಗೊತ್ತಾ?" ಅಷ್ಟೇ. ಒಬ್ಬರು "ಇಲ್ಲ" ಅಂದರೂ ನೀವು ಒಂಟಿಯಲ್ಲ. ಅವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಬಹುದು, ಅದಕ್ಕೂ ಸಿದ್ಧರಿರಿ. ಆಶ್ ಪ್ರಯೋಗದಲ್ಲೂ ಜೊತೆಗಾರ ಗುಂಪಿಗೆ ಸೇರಿದ ಕೂಡಲೇ ತಪ್ಪುಗಳು ಮತ್ತೆ ಏರಿದವು.

ಮಿಲ್ಗ್ರಾಂ ಯಂತ್ರದ ಇನ್ನೊಂದು ವಿವರ ಮರೆಯಬಾರದು. ಅದರಲ್ಲಿ 30 ಸ್ವಿಚ್, ಒಂದೊಂದಕ್ಕೂ 15 ವೋಲ್ಟ್ ಏರಿಕೆ. ನೇರ 450 ಒತ್ತು ಎಂದರೆ ಯಾರು ಒತ್ತುತ್ತಿದ್ದರು? ಇವತ್ತಿನ ಮೂರು ತಪಾಸಣೆಯೂ 15 ವೋಲ್ಟೇ. ಮುಂದಿನ ತಿಂಗಳು ಐದು ಬಿಟ್ಟರೆ, "ಕಳೆದ ಸಲ ಹಾಕಿದ್ರಲ್ಲ" ಎಂಬ ಮಾತಿಗೆ ಉತ್ತರ ಇರುವುದಿಲ್ಲ. ಅಡಿಕೆಗೆ ಹೋದ ಮಾನ ಅನ್ನುತ್ತಾರಲ್ಲ, ಅದು ಅಡಿಕೆಯ ಗಾತ್ರದ್ದೇ ಇರುತ್ತದೆ ಯಾವಾಗಲೂ.

---

ಅರ್ಧವಿರಾಮ:

ಎಲ್ಲರಿಗೂ ವಂದನೆ, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಒಂದು ಉಳಿಯಿತು. ಸಹಿ ಈಗಾಗಲೇ ಬಿದ್ದುಹೋಗಿದ್ದರೆ? ಆಗ ದಾರಿ ಇದೆಯಾ, ಇಲ್ಲಾ ಬಾಯಿ ಮುಚ್ಚಿಕೊಂಡಿರೋದೇ ವಾಸಿನಾ?

---

ಹಳೇಕಡತ:

ದಾರಿ ಇದೆ, ದಿನ ಕಳೆದಷ್ಟೂ ಕಿರಿದಾಗುತ್ತದೆ. ಎರಡು ದಿನದೊಳಗೆ ಹೇಳಿದ್ದು ತಿದ್ದುಪಡಿ, ತಪಾಸಣೆಯವರು ಹಿಡಿದ ಮೇಲೆ ಹೇಳಿದ್ದು ತಪ್ಪೊಪ್ಪಿಗೆ.

ಮೂಲ ಹಾಳೆಯನ್ನು ಮುಟ್ಟಬೇಡಿ. ತಿದ್ದುವುದು, ಹರಿಯುವುದು, ಹೊಸ ಹಾಳೆ ಸೇರಿಸುವುದು ಮೊದಲ ತಪ್ಪಿಗಿಂತ ದೊಡ್ಡದು. ಬೇರೆ ಹಾಳೆಯಲ್ಲಿ, ಇವತ್ತಿನ ತಾರೀಖು ಹಾಕಿ, ಮೂರು ವಾಕ್ಯ: ಇಂಥ ದಿನ ಇಂಥ ಪಟ್ಟಿಯ 12 ತಪಾಸಣೆಗೂ ಸಹಿ ಮಾಡಿದ್ದೇನೆ. ಅದರಲ್ಲಿ 4, 7, 11 ಆ ದಿನ ಆಗಿರಲಿಲ್ಲ. ಇವನ್ನು ಇಂಥ ದಿನದೊಳಗೆ ಮಾಡಿ ಫಲಿತಾಂಶ ಲಗತ್ತಿಸುತ್ತೇನೆ. "ಒತ್ತಡ ಇತ್ತು" ಎಂಬುದು ಮೊದಲ ಪತ್ರದಲ್ಲಿ ಬೇಡ, ಕೇಳಿದಾಗ ನೋಟ್‌ಬುಕ್ ನೋಡಿ ಹೇಳಿ. ಆ ಮೂರರಿಂದ ಯಾರ ಜೀವಕ್ಕಾದರೂ ಅಪಾಯ ಇದೆ ಎಂದಾದರೆ ಎರಡು ದಿನವೂ ಕಾಯಬಾರದು, ಬಳಕೆ ನಿಲ್ಲಿಸಲು ಅದೇ ಗಂಟೆಯಲ್ಲಿ ಹೇಳಬೇಕು, ಬರವಣಿಗೆ ಆಮೇಲೆ. ಕೆಲಸ ಅಥವಾ ಪರವಾನಗಿ ಹೋಗುವಂಥ ವಿಷಯವಾದರೆ ಪತ್ರ ಕೊಡುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ತಾನೇ ಮುಂದೆ ಬಂದು ಹೇಳಿದವರ ಉದಾಹರಣೆಗೆ ವಿಲಿಯಂ ಲೆಮೆಸುರಿಯರ್ ಹೆಸರು ಬರುತ್ತದೆ. 1977ರಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ 59 ಮಹಡಿಯ ಗೋಪುರಕ್ಕೆ ಅವರೇ ರಚನಾ ಎಂಜಿನಿಯರ್. ಓರೆಯಾಗಿ ಬೀಸುವ ಗಾಳಿಗೆ ಕೀಲುಗಳು ಸಾಲವು, ವೆಲ್ಡಿಂಗ್ ಇರಬೇಕಾದಲ್ಲಿ ಬೋಲ್ಟ್ ಹಾಕಿದ್ದಾರೆ ಎಂದು 1978ರಲ್ಲಿ ಅವರಿಗೇ ಗೊತ್ತಾಯಿತು. ಮಾಲೀಕರ ಬಳಿ ತಾನೇ ಹೋಗಿ ಹೇಳಿದರು, ರಾತ್ರಿಗಳಲ್ಲಿ ಉಕ್ಕಿನ ತಗಡು ಬೆಸೆದು ಸರಿಪಡಿಸಿದರು.

---

ನಾಲ್ಕನೇಗೆರೆ:

ಹಳೇಕಡತ ಅವರೇ, ಆ ಉದಾಹರಣೆಯ ಇನ್ನರ್ಧವನ್ನೂ ಹೇಳಿಬಿಡಿ. ಆ ಗೋಪುರದಲ್ಲಿ ಕೆಲಸ ಮಾಡುತ್ತಿದ್ದವರಿಗೂ ಸುತ್ತಮುತ್ತ ವಾಸವಿದ್ದವರಿಗೂ ಯಾರೂ ಏನೂ ಹೇಳಲಿಲ್ಲ. ಸಾರ್ವಜನಿಕರಿಗೆ ತಿಳಿದದ್ದು 1995ರಲ್ಲಿ. ಮಾಲೀಕರಿಗೆ ಹೇಳಿದ್ದು ಪ್ರಾಮಾಣಿಕತೆ, ಆದರೆ ಅಪಾಯದ ಕೆಳಗೆ ಮಲಗಿದ್ದವರನ್ನು ಎಬ್ಬಿಸದೇ ಇದ್ದದ್ದಕ್ಕೆ ಏನೆನ್ನಬೇಕು?

---

ಹಳೇಕಡತ:

ಒಪ್ಪಿದೆ, ಅಲ್ಲಿ ನಿಲ್ಲಿಸಿದ್ದು ನನ್ನ ತಪ್ಪು. ತಿದ್ದುಪಡಿ ಪತ್ರ ಯಾರಿಗೆ ಹೋಗಬೇಕೆಂಬ ಪಟ್ಟಿಯಲ್ಲಿ ಸಹಿ ಕೇಳಿದವರ ಜೊತೆಗೆ ಆ ದಾಖಲೆಯನ್ನು ನಂಬಿ ಕೆಲಸ ಮಾಡುವವರೂ ಇರಬೇಕು.

---

ಗೆರೆಮಣೆ:

ಒಂದು ಸಣ್ಣ ಸೇರ್ಪಡೆ. ಜೀವದ ಅಪಾಯ ಇಲ್ಲದ ಪ್ರಕರಣವಾದರೆ ಆ ಪತ್ರವನ್ನು ವಾರದ ಕೊನೆಯ ದಿನ ಸಂಜೆ ಕೊಡಬೇಡಿ. ರಜೆ ಪೂರ್ತಿ ಉತ್ತರ ಬರಲ್ಲ, ಆ ಎರಡು ರಾತ್ರಿಯಲ್ಲಿ ಹೆದರಿ ಮೇಲ್ ವಾಪಸ್ ಪಡೆಯೋಕೆ ಹೋಗೋರೇ ಹೆಚ್ಚು. ಬೆಳಿಗ್ಗೆ ಕೆಲಸ ಶುರುವಾಗೋ ಹೊತ್ತಿಗೆ, ಕೈಯಲ್ಲಿ ಕೊಟ್ಟು, ತಲುಪಿದ್ದಕ್ಕೆ ನಿಮ್ಮ ಪ್ರತಿಯ ಮೇಲೆ ಸಹಿ ಮತ್ತು ಗಂಟೆ ಬರೆಸಿಕೊಳ್ಳಿ. ಅವರು ಸಹಿ ಹಾಕಲ್ಲ ಅಂದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಅದೇ ಪತ್ರವನ್ನು ಮೇಲ್ ಮಾಡಿ.